ರಾಗಿಹುಲ್ಲಿಗೆ ಜೊತೆ ಬೇಕು

ಸುಗ್ಗಿ ಮುಗಿದು ರಾಗಿಹುಲ್ಲು ಬಣವೆ ಸೇರಿದ ಮೇಲೆ ಕೋಲಾರ, ತುಮಕೂರು ಕಡೆಯ ಕೊಟ್ಟಿಗೆಗಳಲ್ಲಿ ವರ್ಷವರ್ಷವೂ ಕೇಳಿಬರುವ ಮಾತು ಒಂದೇ: ಚಳಿ ಬಿತ್ತು, ಹಸು ಹಾಲು ಇಳಿಸಿತು. ತಪ್ಪನ್ನು ಚಳಿಯ ತಲೆಗೆ ಕಟ್ಟುವುದು ಸುಲಭ, ಆದರೆ ನ್ಯಾಯವಲ್ಲ. ನಮ್ಮ ಸೀಮೆಹಸುಗಳ ಮೈಯಲ್ಲಿರುವುದು ಯುರೋಪಿನ ಹೋಲ್‌ಸ್ಟೀನ್, ಜರ್ಸಿ ತಳಿಗಳ ರಕ್ತ. ಮೈ ಒಣಗಿದ್ದು, ನೇರ ಗಾಳಿ ಬಡಿಯದಿದ್ದರೆ ಬೆಳೆದ ಹಸುವಿಗೆ 12 ಡಿಗ್ರಿಯ ರಾತ್ರಿ ಒಂದು ಚಳಿಯೇ ಅಲ್ಲ. ಅದು ಏದುಸಿರು ಬಿಡುವುದು ಏಪ್ರಿಲ್ ಬಿಸಿಲಿಗೆ. (ಎಳೆಗರುಗಳ ಮಾತು ಬೇರೆ. ಅವಕ್ಕೆ ಒಣ ನೆಲ, ಗೋಣಿತಾಟು ಬೇಕೇ ಬೇಕು.) ಮೇವು ತಿನ್ನುವ ಉಮೇದು ಜಾಸ್ತಿ ಇರುವ ಕಾಲದಲ್ಲೇ ಹಾಲು ಇಳಿಯುತ್ತಿದ್ದರೆ ಮೊದಲು ನೋಡಬೇಕಾದ್ದು ಗೋದಲಿಯನ್ನು. ನವೆಂಬರ್‌ವರೆಗೆ ಬದುವಿನ ಹಸಿರು ಹುಲ್ಲು ಎಷ್ಟೋ ಕೊರತೆಯನ್ನು ಮುಚ್ಚಿಕೊಂಡು ಬಂದಿರುತ್ತದೆ. ಅದು ಒಣಗಿದ ದಿನದಿಂದ ಹಸುವಿನ ಪಾಲಿಗೆ ಉಳಿಯುವುದು ಬರೀ ಹುಲ್ಲು.

ಹುಲ್ಲು ಕೆಟ್ಟ ಮೇವೆಂದು ನಾನು ಹೇಳುತ್ತಿಲ್ಲ. ಭತ್ತದ ಹುಲ್ಲಿಗೆ ಹೋಲಿಸಿದರೆ ರಾಗಿಹುಲ್ಲು ಎಷ್ಟೋ ಮೇಲು. ಚೆನ್ನಾಗಿ ಅರಗುತ್ತದೆ, ಹಸು ಇಷ್ಟಪಟ್ಟು ತಿನ್ನುತ್ತದೆ. ಆದರೆ ಹುಲ್ಲನ್ನು ಅರಗಿಸುವುದು ಹಸುವಲ್ಲ, ಅದರ ಮೆಲುಕು ಚೀಲದಲ್ಲಿರುವ ಕೋಟಿಕೋಟಿ ಸೂಕ್ಷ್ಮಜೀವಿಗಳು. ಅವು ಬೆಳೆಯಲು ಸಾರಜನಕ ಬೇಕು. ತಿನ್ನುವ ಮೇವಿನಲ್ಲಿ ನೂರಕ್ಕೆ ಆರೇಳು ಪಾಲಾದರೂ ಪ್ರೋಟೀನ್ ಇಲ್ಲದಿದ್ದರೆ ಅವು ಸೊರಗುತ್ತವೆ. ಒಣಹುಲ್ಲಿನಲ್ಲಿರುವುದು ಮೂರು ನಾಲ್ಕು ಪಾಲು. ಆಗ ತಿಂದ ಹುಲ್ಲು ಬೇಗ ಕರಗದೆ ಹೊಟ್ಟೆಯಲ್ಲೇ ಕೂರುತ್ತದೆ, ಜಾಗ ಖಾಲಿಯಾಗದ ಕಾರಣ ಹಸು ಮರುದಿನ ಕಡಿಮೆ ತಿನ್ನುತ್ತದೆ. ಹೊರಗಿನಿಂದ ನೋಡಿದವರಿಗೆ ಹೊಟ್ಟೆ ಗುಂಡಗೆ ಕಾಣುತ್ತದೆ, ಒಳಗೆ ಉಪವಾಸ. ಮಾಗಿಯಲ್ಲಿ ನಮಗೆ ಬಂದಿರುವ ಕೊರತೆ ಹುಲ್ಲಿನದಲ್ಲ, ಹುಲ್ಲಿನ ಜೊತೆಗಾರನದು ಎಂಬುದು ನನ್ನ ವಾದ.

ಹಾಗಾದರೆ ಹಿಂಡಿ ಹೆಚ್ಚಿಸಿದರಾಯಿತು ಎನ್ನುವವರಿದ್ದಾರೆ. ಸೀಮೆಹಸುವಿಗೆ ಎರಡೂವರೆ ಲೀಟರ್ ಹಾಲಿಗೆ ಒಂದು ಕೆ.ಜಿ. ಪಶು ಆಹಾರ ಎಂಬ ಲೆಕ್ಕ ಸರಿಯಾದದ್ದೇ, ಅದನ್ನು ಬಿಡಬೇಕಿಲ್ಲ. ತೊಂದರೆ ಬರುವುದು ಹುಲ್ಲಿನ ದೋಷವನ್ನು ಚೀಲದ ಫೀಡಿನಿಂದ ತುಂಬಲು ಹೊರಟಾಗ. ಒಂದೇ ಹೊತ್ತಿಗೆ ನಾಲ್ಕೈದು ಕೆ.ಜಿ. ಸುರಿದರೆ ಹೊಟ್ಟೆಯಲ್ಲಿ ಹುಳಿ ಏರಿ, ನಾರನ್ನು ಅರಗಿಸುವ ಜೀವಿಗಳೇ ಮೊದಲು ಸಾಯುತ್ತವೆ. ಹಾಲಿನ ಕೊಬ್ಬಿನ ದೊಡ್ಡ ಪಾಲು ನಾರು ಅರಗಿದ್ದರಿಂದ ಬರುವಂಥದ್ದು. ಹಾಗಾಗಿ ಡೇರಿಯಲ್ಲಿ ಫ್ಯಾಟ್ ಇಳಿಯುತ್ತದೆ, ದುಡ್ಡೂ ಇಳಿಯುತ್ತದೆ. ಫೀಡಿನ ಖರ್ಚು ಮಾತ್ರ ಏರಿರುತ್ತದೆ.

ನಮ್ಮ ಹಿರಿಯರ ಹೊಲದಲ್ಲಿ ಈ ಜೊತೆಗಾರ ತಾನಾಗಿಯೇ ಇದ್ದ. ರಾಗಿಯ ನಡುನಡುವೆ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಸಾಲು ಹಾಕುತ್ತಿದ್ದರು. ಕಾಯಿ ಕಿತ್ತ ಅವರೆಬಳ್ಳಿ, ತೊಗರಿ ಹೊಟ್ಟು, ಹಿಂಗಾರಿನ ಹುರುಳಿ ಹೊಟ್ಟು, ಕಡಲೆಕಾಯಿ ಬಳ್ಳಿ ಎಲ್ಲವೂ ಮಾಗಿಯ ಮೇವಾಗುತ್ತಿದ್ದವು. ದ್ವಿದಳದ ಸೊಪ್ಪುಹೊಟ್ಟಿನಲ್ಲಿ ಪ್ರೋಟೀನ್ ಹುಲ್ಲಿನದಕ್ಕಿಂತ ಎರಡು ಮೂರು ಪಟ್ಟು ಇರುತ್ತದೆ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹಳ್ಳಿಕಾರ್ ಜೋಡಿ ಸಿದ್ಧ ಮಾಡುವವರು ಬೇಯಿಸಿದ ಹುರುಳಿ ತಿನ್ನಿಸುವುದೂ ಇದೇ ತಿಳಿವಳಿಕೆಯ ಇನ್ನೊಂದು ಮುಖ. ಒಂದು ಹಸುವಿಗೆ ದಿನಕ್ಕೆ 2 ಕೆ.ಜಿ. ಒಣ ಹೊಟ್ಟು ಎಂದರೆ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ 300 ಕೆ.ಜಿ. ಬೇಕು. ಅದನ್ನು ಬೇರೆಯಾಗಿ ಹಾಕಿದರೆ ಹಸು ಅದನ್ನೇ ಆರಿಸಿ ತಿಂದು ಹುಲ್ಲಿನ ದಂಟನ್ನು ಕಾಲಡಿಗೆ ತಳ್ಳುತ್ತದೆ. ಎರಡನ್ನೂ ಒಂದು, ಒಂದೂವರೆ ಇಂಚಿಗೆ ಕತ್ತರಿಸಿ ಬೆರೆಸಿ ಹಾಕಬೇಕು. ಕತ್ತರಿಸಿದ ಮಾತ್ರಕ್ಕೆ ಹುಲ್ಲಿನ ಸತ್ವ ಹೆಚ್ಚುವುದಿಲ್ಲ. ಯಂತ್ರ ಮಾರುವವರ ಆ ಮಾತನ್ನು ನಂಬಬೇಡಿ. ತಪ್ಪುವುದು ನಷ್ಟ, ಅದೇ ಸಾಕಷ್ಟಾಯಿತು. ದಿನದ ಹುಲ್ಲಿನ ದೊಡ್ಡ ಪಾಲನ್ನು ಸಂಜೆ ಹಾಕುವುದು ಲೇಸು. ರಾತ್ರಿಯಿಡೀ ಮೆಲುಕು ಹಾಕಲು ಹಸುವಿಗೆ ಬಿಡುವಿರುತ್ತದೆ, ಹುಲ್ಲು ಅರಗುವಾಗ ಹುಟ್ಟುವ ಕಾವು ಬೆಳಗಿನ ಜಾವಕ್ಕೆ ಒದಗುತ್ತದೆ.

ಹೊಟ್ಟು ಇಲ್ಲದವರಿಗೆ ಯೂರಿಯಾ ಉಪಚಾರ ಇದೆ. 100 ಕೆ.ಜಿ. ಒಣಹುಲ್ಲಿಗೆ 4 ಕೆ.ಜಿ. ಯೂರಿಯಾವನ್ನು 40ರಿಂದ 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಹುಲ್ಲನ್ನು ಪದರಪದರವಾಗಿ ಹರಡಿ, ಪ್ರತಿ ಪದರಕ್ಕೂ ಸಮನಾಗಿ ಚಿಮುಕಿಸಿ, ಗಾಳಿ ಉಳಿಯದಂತೆ ತುಳಿದು, ಟಾರ್ಪಾಲಿನ್ ಹೊದಿಸಿ ಅಂಚಿಗೆ ಮಣ್ಣು ಮೆತ್ತಿ 21 ದಿನ ಬಿಡಬೇಕು. ತೆರೆದಾಗ ಕಣ್ಣಿಗೆ ಚುರ್ರೆನ್ನುವ ಅಮೋನಿಯಾ ಘಾಟು ಬಂದರೆ ಕೆಲಸ ಆಗಿದೆ ಎಂದರ್ಥ. ಹುಲ್ಲು ಕಂದುಬಣ್ಣಕ್ಕೆ ತಿರುಗಿ ಮೆತ್ತಗಾಗಿರುತ್ತದೆ. ಬೇಕಾದಷ್ಟನ್ನು ಮಾತ್ರ ತೆಗೆದು, ಘಾಟು ಹೋಗುವವರೆಗೆ ಹರಡಿ ಹಾಕಬೇಕು. ಯೂರಿಯಾ ವಿಷವಲ್ಲವೇ ಎಂಬ ಅಂಜಿಕೆ ಸುಳ್ಳಲ್ಲ. ನೀರಿನಲ್ಲಿ ಕರಗಿಸಿ ನೇರ ಕುಡಿಸಿದರೆ, ಹರಳು ಕರಗದೆ ಒಂದು ಕಡೆ ಗಂಟಾಗಿ ಉಳಿದರೆ ಹಸು ಸಾಯುತ್ತದೆ. ಮೂರು ವಾರ ಮುಚ್ಚಿಡುವುದೇ ಅದಕ್ಕೆ. ಅಷ್ಟರಲ್ಲಿ ಯೂರಿಯಾ ಒಡೆದು ಅಮೋನಿಯಾ ಆಗಿ, ಒಂದು ಭಾಗ ಹುಲ್ಲಿನಲ್ಲಿ ಬೆರೆತಿರುತ್ತದೆ, ಉಳಿದದ್ದು ಗಾಳಿಗೆ ಹೋಗುತ್ತದೆ. ಆರು ತಿಂಗಳೊಳಗಿನ ಕರುಗಳಿಗೆ ಮಾತ್ರ ಇದು ಬೇಡ. ಗೊಬ್ಬರದ ಅಂಗಡಿಯ ಲೆಕ್ಕದಲ್ಲಿ 4 ಕೆ.ಜಿ. ಯೂರಿಯಾಕ್ಕೆ 30 ರೂಪಾಯಿಯೂ ಆಗದು. ಇಷ್ಟಿದ್ದೂ ಹಳ್ಳಿಗಳಲ್ಲಿ ಇದು ಬೇರೂರಲಿಲ್ಲ. ರೈತರ ಅಜ್ಞಾನ ಎಂದು ಬರೆಯುವವರ ಮಾತು ನನಗೆ ಒಪ್ಪಿಗೆಯಿಲ್ಲ. ಹುಲ್ಲು ಇಳಿಸಿ, ಹರಡಿ, ತುಳಿಯಲು ಎರಡು ಆಳು ಬೇಕು. ಹಸಿರು ಮೇವು ಬೆಳೆಯುವವರಿಗೆ, ಹದಿನೈದು ಲೀಟರ್ ಕರೆಯುವ ಹಸುವಿನವರಿಗೆ ಅಷ್ಟು ಕೂಲಿ ಗಿಟ್ಟುವುದಿಲ್ಲ. ಭತ್ತದ ಹುಲ್ಲನ್ನೇ ನಂಬಿದ, ಒಂದೆರಡು ಹಸುವಿನ ಮನೆಗೆ ಗಿಟ್ಟುತ್ತದೆ.

ಅದಕ್ಕೇ ನನ್ನ ಒಲವು ಅಕ್ಕಡಿಯ ಕಡೆಗೆ. ರಾಗಿ ಕೊಯ್ಲಿಗೆ ಯಂತ್ರ ಬಂದ ಮೇಲೆ ನಡುಸಾಲು ಅಡ್ಡಿ ಎಂಬ ಆಕ್ಷೇಪ ನಿಜ. ಯಂತ್ರ ಕೊಯ್ಯುವಾಗ ಅವರೆ ಇನ್ನೂ ಹಸಿರಾಗಿರುತ್ತದೆ. ಆದರೆ ಅವರೆ, ತೊಗರಿ ಹೊಲದ ನಡುವೆಯೇ ಇರಬೇಕೆಂದೇನಿಲ್ಲ. ನಾಲ್ಕೂ ಬದಿಯಲ್ಲಿ ಎರಡೆರಡು ಸಾಲು ಹಾಕಿ, ಯಂತ್ರ ಒಳಬರಲು ಒಂದು ಮೂಲೆ ಬಿಟ್ಟರೆ ಸಾಕು. ಅದಕ್ಕೆ ಬೀಜ ಎತ್ತಿಡಬೇಕಾದ್ದು ಈಗ, ಕಣದಲ್ಲಿ ಅವರೆ ಒಣಗುತ್ತಿರುವಾಗ.