ಗಾತ್ರವೂ ಗುಣವೂ: ಟಾಲ್ವಾಪ್ಟನ್ ಪರೀಕ್ಷೆಗಳ ವಿಮರ್ಶೆ

ವಂಶಪಾರಂಪರ್ಯವಾಗಿ ಬರುವ ಪಾಲಿಸಿಸ್ಟಿಕ್ ಮೂತ್ರಪಿಂಡರೋಗದ ಸಾಮಾನ್ಯ ಪ್ರಭೇದವು ತಂದೆತಾಯಿಗಳಲ್ಲಿ ಒಬ್ಬರಿಗಿದ್ದರೆ ಸಾಕು, ಪ್ರತಿಯೊಂದು ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ಮೂತ್ರಪಿಂಡಗಳಲ್ಲಿ ನೀರುಗುಳ್ಳೆಗಳೆದ್ದು, ಹತ್ತಾರು ವರ್ಷ ಬೆಳೆದು, ನೆಟ್ಟಗಿರುವ ಭಾಗವನ್ನೂ ಒತ್ತಿ ಕೆಡಿಸುತ್ತವೆ. ಇದಕ್ಕೆ ಕಾರಣವಾದ ಎರಡು ಮುಖ್ಯ ಜೀನುಗಳು 1994, 1996ರಲ್ಲಿ ಗೊತ್ತಾದುವು. ವೇಸೋಪ್ರೆಸಿನ್ ಎಂಬ ಹಾರ್ಮೋನು ಗುಳ್ಳೆಗಳನ್ನು ಪೋಷಿಸುವುದೆಂದು ಪ್ರಾಣಿಗಳಲ್ಲಿ ಕಂಡುಬರಲಾಗಿ, ಅದನ್ನು ತಡೆಯುವ ಟಾಲ್ವಾಪ್ಟನ್ ಔಷಧವನ್ನು ಮನುಷ್ಯರಲ್ಲಿ ಪರೀಕ್ಷಿಸಲಾಯಿತು.

ಟಾರೆಸ್ ಮತ್ತು ಸಹಕಾರಿಗಳು 2012ರಲ್ಲಿ ಪ್ರಕಟಿಸಿದ ಮೊದಲನೆಯ ಪ್ರಬಂಧದಲ್ಲಿ 1445 ರೋಗಿಗಳ ಮೂರು ವರ್ಷದ ವೃತ್ತಾಂತವಿದೆ. ಮೂತ್ರಪಿಂಡದ ಗಾತ್ರ ಔಷಧ ಕೊಂಡವರಲ್ಲಿ ವರ್ಷಕ್ಕೆ ನೂರಕ್ಕೆ 2.8ರಂತೆಯೂ, ಹುಸಿಮಾತ್ರೆ ಕೊಂಡವರಲ್ಲಿ 5.5ರಂತೆಯೂ ಹೆಚ್ಚಿತು. ಫಲವು ಗಣನೀಯವೇ. ಆದರೆ ಮುಖ್ಯ ಪ್ರಮಾಣವಾಗಿ ಆರಿಸಿಕೊಂಡದ್ದು ಗಾತ್ರವನ್ನು. ರೋಗಿಗೆ ಬೇಕಾದುದು ರಕ್ತವನ್ನು ಸೋಸುವ ಶಕ್ತಿ. ಆ ಶಕ್ತಿಯ ಇಳಿತವೂ ನಿಧಾನವಾಯಿತೆಂದು ಪ್ರಬಂಧ ಹೇಳುತ್ತದೆ. ನೂರಕ್ಕೆ 23 ಮಂದಿ ಔಷಧವನ್ನು ಅರ್ಧದಲ್ಲೇ ಬಿಟ್ಟರೆಂಬುದನ್ನೂ (ಹುಸಿಮಾತ್ರೆಯವರಲ್ಲಿ 14) ಮರೆಮಾಚುವುದಿಲ್ಲ. ಈ ಪ್ರಾಮಾಣಿಕತೆ ಶ್ಲಾಘ್ಯ. ಆದರೂ ಅಮೆರಿಕದ ಔಷಧನಿಯಂತ್ರಕರು 2013ರಲ್ಲಿ ಅನುಮತಿ ಕೊಡಲಿಲ್ಲ.

2017ರ ಎರಡನೆಯ ಪ್ರಬಂಧ ಆ ಕೊರತೆಯನ್ನು ತುಂಬಲು ಹೊರಟುದು. ಇಲ್ಲಿ ರೋಗ ಮುಂದುವರಿದ 1370 ಮಂದಿಯಲ್ಲಿ ಸೋಸುವ ಶಕ್ತಿಯನ್ನೇ ಅಳೆದರು. ದೇಹದ ಪ್ರಮಾಣಕ್ಕೆ ಸರಿಹೊಂದಿಸಿದ ಲೆಕ್ಕದಲ್ಲಿ, ಒಂದು ವರ್ಷಕ್ಕೆ ಅದು ನಿಮಿಷಕ್ಕೆ 2.34 ಮಿಲಿಲೀಟರಿನಷ್ಟು ಇಳಿಯಿತು, ಹುಸಿಮಾತ್ರೆಯವರಲ್ಲಿ 3.61. 2018ರಲ್ಲಿ ಅನುಮತಿ ದೊರೆಯಿತು. ಇಷ್ಟರಿಂದ ರೋಗ ‘ಗುಣವಾಯಿತು’ ಎನ್ನುವುದು ಸಲ್ಲದು. ಕನ್ನಡದಲ್ಲಿ ಗುಣವೆಂದರೆ ರೋಗ ಬಿಡುವುದು. ಇಲ್ಲಿ ಆದುದು ಕೆಡುವ ವೇಗ ತಗ್ಗಿದುದು ಮಾತ್ರ.

ಈ ಪ್ರಬಂಧವನ್ನು ಓದುವಾಗ ಬಿಡಲಾಗದ ಅಂಶ ಪೀಠಿಕಾರೂಪವಾದ ಎಂಟು ವಾರಗಳದು. ಎಡೆಬಿಡದ ಬಾಯಾರಿಕೆ, ರಾತ್ರಿಯೆಲ್ಲ ಮೂತ್ರಕ್ಕೇಳುವುದು, ಇವುಗಳನ್ನು ಸಹಿಸಲಾರದವರು ಆಗಲೇ ಹೊರಗುಳಿದರು. ಸಹಿಸಿದವರನ್ನೇ ಎರಡು ಗುಂಪುಗಳಾಗಿ ಹಂಚಿದರು. ಹೀಗಾಗಿ 1.27ರ ಆ ಅಂತರ ಸಹಿಷ್ಣುಗಳ ಅಂತರ. ಅದನ್ನು ಎಲ್ಲ ರೋಗಿಗಳ ಮೇಲೂ ಹಾಕುವುದು ಸಾಧುವಲ್ಲ. ಬೇಸಾಯಗಾರನೋ, ದೂರದ ಬಸ್ಸಿನ ಚಾಲಕನೋ ಈ ಗುಂಪಿನಲ್ಲಿ ನಿಲ್ಲುತ್ತಿದ್ದನೆ? ಹಾಗೆ ಉಳಿದವರಲ್ಲಿಯೂ ಯಕೃತ್ತಿನ ಕಿಣ್ವವೊಂದು ಮಿತಿಯ ಮೂರು ಪಟ್ಟು ಮೀರಿದುದು ಔಷಧ ಕೊಂಡವರಲ್ಲಿ ನೂರಕ್ಕೆ 5.6, ಇತರರಲ್ಲಿ 1.2. ಔಷಧ ಕೊಡುವಾಗ ಯಕೃತ್ತಿನ ರಕ್ತಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಬೇಕೆಂಬ ನಿಯಮ ಯಕೃತ್ತಿಗಿರುವ ಇಂಥ ಅಪಾಯದಿಂದ ಬಂದುದು.

ಡಯಾಲಿಸಿಸ್ ಎಷ್ಟು ವರ್ಷ ಮುಂದೆ ಹೋಗುವುದೆಂಬುದನ್ನು ಎರಡು ಪರೀಕ್ಷೆಗಳೂ ನೇರವಾಗಿ ಅಳೆದಿಲ್ಲ. ಒಂದರ ಅವಧಿ ಮೂರು ವರ್ಷ, ಇನ್ನೊಂದರದು ಒಂದು.