ಕೋವಿಯ ತಿರುಪು: ತೂಕವೋ, ಉದ್ದವೋ?

ಕೆನೆತ್ ಆಂಡರ್ಸನ್ (1910–1974) ಅವರ ಬೇಟೆಯ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿಯವರು ‘ಕಾಡಿನ ಕತೆಗಳು’ ಮಾಲೆಯಲ್ಲಿ ಕನ್ನಡಕ್ಕೆ ತಂದಿದ್ದಾರೆ. ನಿಮ್ಮಲ್ಲಿ ಹಲವರು ಅವನ್ನು ಓದಿರುತ್ತೀರಿ. ಬೆಂಗಳೂರಿನ ಆಂಡರ್ಸನ್ ಅವರ ನೆಚ್ಚಿನ ಕೋವಿ .405 ವಿಂಚೆಸ್ಟರ್. ಕುದುರೆಯ ಕೆಳಗಿನ ಸನ್ನೆಯನ್ನು (ಲೀವರ್) ಕೆಳಕ್ಕೆ ತಳ್ಳಿ ಮೇಲೆಳೆದರೆ ಮುಂದಿನ ತೋಟಾ ನಳಿಗೆಗೆ ಏರುವ ರೈಫಲ್ ಅದು. ಕತೆಗಳ ಸ್ವಾರಸ್ಯಕ್ಕೆ ಕೊರತೆಯಿಲ್ಲ. ಆದರೆ ಬೇಟೆಯ ಸಾಹಿತ್ಯ ಓದಿದವರ ಮನಸ್ಸಿನಲ್ಲಿ ಉಳಿಯುವ ಸಂಖ್ಯೆ 405 ಒಂದೇ. ಅದು ನಳಿಗೆಯ ವ್ಯಾಸವನ್ನು ಸೂಚಿಸುತ್ತದೆ. ಗುಂಡು ಮುಗ್ಗರಿಸದೆ ಸಾಗುವುದನ್ನು ನಿರ್ಧರಿಸುವ ಸಂಖ್ಯೆ ಬೇರೆಯೇ ಇದೆ: 14 ಇಂಚಿಗೆ ಒಂದು ಸುತ್ತು. ನಳಿಗೆಯ ಒಳಮೈಯಲ್ಲಿ ಕೊರೆದ ಸುರುಳಿ ತೋಡುಗಳ ತಿರುಪು ಇದು.

ಈ ತಿರುಪಿನ ಬಗ್ಗೆ ಎರಡು ತಪ್ಪು ವಿವರಣೆಗಳು ತರಗತಿಯಲ್ಲೂ ಕೇಳಿಬರುತ್ತವೆ. ತೋಡುಗಳು ಗುಂಡಿಗೆ ಹೆಚ್ಚು ಬಲ ಕೊಡುತ್ತವೆ ಎಂಬುದು ಒಂದು. ಗುಂಡು ಭಾರವಾದಷ್ಟೂ ತಿರುಪು ಬಿಗಿಯಾಗಿರಬೇಕು ಎಂಬುದು ಇನ್ನೊಂದು. ಇವನ್ನು ಪರೀಕ್ಷಿಸೋಣ.

ಆಂಡರ್ಸನ್ ಅವರ ಕೋವಿಯ ಗುಂಡಿನ ತೂಕ 19.4 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 670 ಮೀಟರ್. 14 ಇಂಚು ಎಂದರೆ 0.356 ಮೀಟರ್. ಭಾಗಿಸಿ ನೋಡಿ: ಗುಂಡು ಸೆಕೆಂಡಿಗೆ ಸುಮಾರು 1880 ಸುತ್ತು ತಿರುಗುತ್ತದೆ. ಇಷ್ಟಾದರೂ ಗುಂಡನ್ನು ಸಿಲಿಂಡರ್ ಎಂದು ಭಾವಿಸಿ ಲೆಕ್ಕ ಹಾಕಿದರೆ, ಭ್ರಮಣದ ಶಕ್ತಿಯು ಮುನ್ನುಗ್ಗುವ ಚಲನಶಕ್ತಿಯ ಶೇಕಡಾ ಅರ್ಧವೂ ಆಗುವುದಿಲ್ಲ. ಅಂದಮೇಲೆ ತೋಡುಗಳ ಕೆಲಸ ಬಲ ಕೊಡುವುದಲ್ಲ.

ಹಾಗಾದರೆ ಏನು? ಬೀದರ್ ನಗರದ ಕೋಟೆಯ ಬುರುಜುಗಳ ಮೇಲೆ ಹಳೆಯ ತೋಪುಗಳಿವೆ. ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ಯುವ ಶಿಕ್ಷಕರು ತೋಪಿನ ಉದ್ದ, ಭಾರಗಳನ್ನಷ್ಟೇ ಹೇಳದೆ ಬಾಯಿಯೊಳಗೂ ನೋಡಲು ತಿಳಿಸಲಿ. ಒಳಮೈಯಲ್ಲಿ ಸುರುಳಿ ತೋಡುಗಳಿಲ್ಲ. ಅವು ದುಂಡನೆಯ ಗುಂಡಿಗಾಗಿ ಮಾಡಿದವು. ಗೋಳಕ್ಕೆ ತಲೆ-ಬುಡ ಎಂಬುದಿಲ್ಲ. ಅದು ಹೇಗೆ ಹೊರಳಿದರೂ ಗಾಳಿಗೆ ಒಡ್ಡುವ ಮೈ ಒಂದೇ. ಉದ್ದನೆಯ ಗುಂಡಿನ ಸ್ಥಿತಿ ಹಾಗಲ್ಲ. ಗಾಳಿಯ ಒತ್ತಡದ ಕೇಂದ್ರ ಅದರ ಗುರುತ್ವ ಕೇಂದ್ರಕ್ಕಿಂತ ಮುಂದಿರುವುದರಿಂದ ಗಾಳಿ ಅದನ್ನು ಮಗುಚಲು ನೋಡುತ್ತದೆ. ಗೇಣುದ್ದದ ಜೋಳದ ದಂಟನ್ನು ಎಸೆದು ನೋಡಿ, ಲಾಗ ಹಾಕುತ್ತ ಹೋಗುತ್ತದೆ. ತಿರುಗುವ ಬುಗುರಿ ಬೀಳದಂತೆ, ತಿರುಗುವ ಗುಂಡು ಮಗುಚುವುದಿಲ್ಲ. ತಿರುಪಿನ ಉದ್ದೇಶ ಇಷ್ಟೆ.

ಎಷ್ಟು ತಿರುಪು ಬೇಕು? 1879ರಲ್ಲಿ ಬ್ರಿಟಿಷ್ ಗಣಿತಜ್ಞ ಜಾರ್ಜ್ ಗ್ರೀನ್‌ಹಿಲ್ ಒಂದು ಸರಳ ಸೂತ್ರ ಕೊಟ್ಟರು. ಗುಂಡಿನ ವ್ಯಾಸದ ವರ್ಗವನ್ನು 150ರಿಂದ ಗುಣಿಸಿ, ಗುಂಡಿನ ಉದ್ದದಿಂದ ಭಾಗಿಸಬೇಕು. ಬರುವ ಉತ್ತರವೇ ಒಂದು ಸುತ್ತಿಗೆ ಇರಬಹುದಾದ ಗರಿಷ್ಠ ದೂರ. ಈ ದೂರ ಕಡಿಮೆಯಾದಷ್ಟೂ ತಿರುಪು ಬಿಗಿ ಎಂಬುದನ್ನು ಮರೆಯಬೇಡಿ. ಸೂತ್ರದಲ್ಲಿ ತೂಕ ಎಲ್ಲಿಯೂ ಇಲ್ಲ!

ಎರಡು ಸನ್ನೆ ಕೋವಿಗಳನ್ನು ಹೋಲಿಸಿ. ವಿಂಚೆಸ್ಟರ್ 1894 ಮಾದರಿಯ .30-30 ನಳಿಗೆಯಲ್ಲಿ 12 ಇಂಚಿಗೆ ಒಂದು ಸುತ್ತು. ಗುಂಡು ಸುಮಾರು 11 ಗ್ರಾಂ. ಮಾರ್ಲಿನ್ 1894 ಮಾದರಿಯ .44 ಮ್ಯಾಗ್ನಂ ನಳಿಗೆಯಲ್ಲಿ ಬಹುಕಾಲ ಇದ್ದುದು 38 ಇಂಚಿಗೆ ಒಂದು ಸುತ್ತು. ಗುಂಡು ಸುಮಾರು 15.5 ಗ್ರಾಂ. ಭಾರದ ಗುಂಡಿಗೇ ಸಡಿಲ ತಿರುಪು! ಕಾರಣ, ಅದು ಮೋಟು ಗುಂಡು. ವ್ಯಾಸ 10.9 ಮಿ.ಮೀ., ಉದ್ದ 18 ಮಿ.ಮೀ. ಎಂದು ಇಟ್ಟುಕೊಂಡರೆ ಸೂತ್ರದ ಉತ್ತರ 990 ಮಿ.ಮೀ., ಅಂದರೆ 39 ಇಂಚು. ಅದೇ ನಳಿಗೆಗೆ ಉದ್ದನೆಯ ಗುಂಡು ಹಾಕಿದವರಿಗೆ ಗುರಿ ತಪ್ಪಿದರೆ ಆಶ್ಚರ್ಯವಿಲ್ಲ.

ಸೂತ್ರಕ್ಕೂ ಮಿತಿಗಳಿವೆ. 150 ಎಂಬ ಸ್ಥಿರಾಂಕ ಸೀಸ ತುಂಬಿದ ಗುಂಡಿನ ಸಾಂದ್ರತೆಗೆ ಹೊಂದಿದ್ದು. ಅಷ್ಟೇ ತೂಕದ ತಾಮ್ರದ ಗುಂಡು ಹೆಚ್ಚು ಉದ್ದವಾಗುತ್ತದೆ, ಬಿಗಿ ತಿರುಪು ಬೇಡುತ್ತದೆ. ಅಲ್ಲದೆ ಸೂತ್ರ ಹೇಳುವುದು ಕನಿಷ್ಠ ಅಗತ್ಯವನ್ನು ಮಾತ್ರ. 10.4 ಮಿ.ಮೀ. ವ್ಯಾಸ, ಸುಮಾರು 25 ಮಿ.ಮೀ. ಉದ್ದದ .405 ಗುಂಡಿಗೆ 650 ಮಿ.ಮೀ. ಸಾಕು, ನಳಿಗೆಯಲ್ಲಿರುವುದು 356. ಹೆಚ್ಚಿನ ಬಿಗಿ ದೋಷವಲ್ಲ. ಆದರೆ ಗುಂಡಿನ ತೂಕ ಅಕ್ಷದ ಸುತ್ತ ಸಮನಾಗಿ ಹಂಚಿರದಿದ್ದರೆ ಅತಿ ಬಿಗಿ ತಿರುಪು ಆ ಕೊರತೆಯನ್ನು ಎತ್ತಿ ತೋರಿಸುತ್ತದೆ.

ಇದೆಲ್ಲ ಭೌತವಿಜ್ಞಾನದ ಪಾಠವೇ ಹೊರತು ಬೇಟೆಗೆ ಆಹ್ವಾನವಲ್ಲ. ಔರಾದ್, ಭಾಲ್ಕಿ ಕಡೆಯ ಹೊಲಗಳಿಗೆ ಇಳಿಯುವ ಕೃಷ್ಣಮೃಗ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿದೆ. ಬೆಳೆಗೆ ಬಾಯಿ ಹಾಕಿತೆಂದು ಅದಕ್ಕೆ ಗುರಿಯಿಡುವುದು ಅಪರಾಧ. ಆ ಹೊಲದ ಜೋಳದ ದಂಟು, ಒಂದು ಬುಗುರಿ, ಕೋಟೆಯ ತೋಪು ಇಷ್ಟಿದ್ದರೆ ನಿಮ್ಮ ಪಾಠಕ್ಕೆ ಸಾಕು. ಮುಂದಿನ ಸಲ ಯಾರಾದರೂ ಕೋವಿಯ ‘ನಂಬರ್’ ಹೇಳಿದರೆ, ಗುಂಡಿನ ಉದ್ದವೆಷ್ಟು ಎಂದು ಕೇಳಿ.