ಬಂಡೆಗಿಂತ ದೊಡ್ಡ ನಾಯಕ

ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗವನ್ನು ಶಂಕರೇಶ್ವರನ ಗುಡಿಯವರೆಗೆ ಹತ್ತಿ ನಿಂತರೆ ಒಂದು ದಿಕ್ಕಿಗೆ ಸಾವನದುರ್ಗ, ಇನ್ನೊಂದು ದಿಕ್ಕಿಗೆ ಶಿವಗಂಗೆ. ಸಾವನದುರ್ಗದ ಆಚೆಗೆ ರಾಮನಗರದ ಬೆಟ್ಟಗಳು. ಕೆಂಪೇಗೌಡರ ವಂಶದವರು ಕೋಟೆ ಕಟ್ಟಿ ಆಳಿದ ಈ ಬಂಡೆಗಳ ಸೀಮೆ ಎರಡು ಸಲ ದೊಡ್ಡ ತೆರೆಯ ಮೇಲೆ ಮೆರೆದಿದೆ. ರಮೇಶ್ ಸಿಪ್ಪಿಯವರ ‘ಶೋಲೆ’ (1975) ರಾಮನಗರದ ರಾಮದೇವರ ಬೆಟ್ಟದ ಬುಡದಲ್ಲಿ ತಯಾರಾಯಿತು. ‘ಎ ಪ್ಯಾಸೇಜ್ ಟು ಇಂಡಿಯಾ’ (1984) ಚಿತ್ರದ ಮರಬಾರ್ ಗುಹೆಗಳಿಗಾಗಿ ಡೇವಿಡ್ ಲೀನ್ ಇದೇ ಬೆಟ್ಟಗಳನ್ನು ಹುಡುಕಿಕೊಂಡು ಬಂದರು. ಒಂದು ಹಿಂದಿ, ಇನ್ನೊಂದು ಇಂಗ್ಲಿಷ್. ಕನ್ನಡದವರು ಇಲ್ಲಿ ಶೂಟಿಂಗ್ ಮಾಡಿಲ್ಲವೆಂದಲ್ಲ. ಹಾಡು, ಫೈಟು ಬೇಕಾದಷ್ಟು ಆಗಿವೆ. ಆದರೆ ಬೆಟ್ಟವೇ ಕಥೆಯೊಳಗೆ ಬಂದು ಕೂತ ಕನ್ನಡ ಚಿತ್ರ ಯಾವುದೆಂದು ಕೇಳಿದರೆ ನನಗೆ ಥಟ್ಟನೆ ಹೆಸರು ಹೊಳೆಯುವುದಿಲ್ಲ.

ಕೌಬಾಯ್ ಟೋಪಿ, ಕುದುರೆ, ಬಂದೂಕು, ಮುಖವಾಡ, ಹಾರುವ ಮನುಷ್ಯ: ಇವೆಲ್ಲದರ ಖಾಯಂ ಅಭಿಮಾನಿ ನಾನು. ವೆಸ್ಟರ್ನ್ ಚಿತ್ರವನ್ನೂ ಸೂಪರ್‌ಹೀರೊ ಚಿತ್ರವನ್ನೂ ಮಕ್ಕಳಾಟವೆಂದು ತಳ್ಳಿಹಾಕುವವರ ಜೊತೆ ಜಗಳಕ್ಕೆ ನಿಲ್ಲುವವನು. ಹಾಗಾಗಿಯೇ ಕನ್ನಡದಲ್ಲಿ ಈ ಪರಂಪರೆ ಎಲ್ಲಿ ಎಡವುತ್ತದೆ ಎಂಬ ಚಿಂತೆ ನನ್ನಂಥವನಿಗೆ ಹೆಚ್ಚು. ನನ್ನ ತಕರಾರು ಒಂದೇ. ನಮ್ಮ ಸಿನಿಮಾ ತನ್ನ ನಾಯಕನನ್ನು ಯಾವುದರ ಎದುರೂ ಚಿಕ್ಕವನಾಗಿ ನಿಲ್ಲಿಸಲು ಒಪ್ಪುವುದಿಲ್ಲ. ಈ ಎರಡೂ ಪ್ರಕಾರಗಳ ಜೀವ ಇರುವುದು ಆ ಚಿಕ್ಕತನದಲ್ಲೇ.

ಜಾನ್ ಫೋರ್ಡ್ ‘ಸ್ಟೇಜ್‌ಕೋಚ್’ (1939) ಚಿತ್ರದಲ್ಲಿ ಮಾನ್ಯುಮೆಂಟ್ ವ್ಯಾಲಿಯ ಬಂಡೆಗಳ ಕೆಳಗೆ ಒಂದು ಸಾರೋಟನ್ನು ಓಡಿಸಿದ. ದೂರದಿಂದ ನೋಡಿದರೆ ಅದೊಂದು ಹುಳು. ಒಳಗಿರುವವರ ಭಯ, ಪ್ರೀತಿ, ಜಗಳಗಳಿಗೆ ತೂಕ ಬರುವುದು ಆ ದೂರದ ನೋಟದಿಂದ. ‘ಅನ್‌ಫರ್ಗಿವನ್’ (1992) ಚಿತ್ರದಲ್ಲಿ ಕ್ಲಿಂಟ್ ಈಸ್ಟ್‌ವುಡ್ ಹಂದಿ ಸಾಕುವ ಮುದಿ ಬಂದೂಕುಗಾರ. ಕುದುರೆ ಏರಲು ಹೋಗಿ ಒದ್ದಾಡುತ್ತಾನೆ. ‘ಲೋಗನ್’ (2017) ಚಿತ್ರದ ವುಲ್ವರಿನ್‌ಗೆ ಗಾಯ ಮಾಯುವ ಶಕ್ತಿಯೇ ಕುಂದಿದೆ, ಕಾಲು ಎಳೆಯುತ್ತಾನೆ. ಆ ಚಿತ್ರದಲ್ಲೊಂದು ಹೋಟೆಲ್ ಕೋಣೆಯ ಟೀವಿಯಲ್ಲಿ ‘ಶೇನ್’ (1953) ಎಂಬ ಹಳೆಯ ವೆಸ್ಟರ್ನ್ ಓಡುತ್ತಿರುತ್ತದೆ. ಕೌಬಾಯ್ ಮತ್ತು ಸೂಪರ್‌ಹೀರೊ ಒಂದೇ ಬಳ್ಳಿಯ ಕಾಯಿಗಳೆಂದು ನಿರ್ದೇಶಕ ಅಲ್ಲಿ ಬಾಯಿಬಿಟ್ಟೇ ಹೇಳಿದ್ದಾನೆ. ಕಾನೂನು ತಲುಪದ ಜಾಗ, ಹೊರಗಿನಿಂದ ಬಂದ ಒಬ್ಬ, ಊರನ್ನು ಉಳಿಸಿಯೂ ಊರಿನವನಾಗಲಾರದ ಅವನ ಪಾಡು. ಕಥೆ ಇಷ್ಟೇ.

ಇದನ್ನು ಎರವಲು ತರುವುದು ತಪ್ಪಲ್ಲ. ಇಟಲಿಯ ಸೆರ್ಜಿಯೊ ಲಿಯೋನೆ ಸ್ಪೇನಿನ ಬಯಲಲ್ಲಿ ಅಮೆರಿಕವನ್ನು ಕಟ್ಟಿದ. ಸಲೀಂ-ಜಾವೇದ್ ಜೋಡಿ ಜಪಾನಿನ ಕುರೊಸಾವಾ, ಹಾಲಿವುಡ್, ಲಿಯೋನೆ ಎಲ್ಲರಿಂದಲೂ ಎತ್ತಿಕೊಂಡು ‘ಶೋಲೆ’ ಬರೆದರು. ಅದಕ್ಕೊಂದು ನೆಲ ಸಿಕ್ಕಿದ್ದು ನಮ್ಮ ಪಕ್ಕದಲ್ಲಿ. ಕಲಾನಿರ್ದೇಶಕ ರಾಮ್ ಯೇಡೇಕರ್ ರಾಮದೇವರ ಬೆಟ್ಟದ ಕೆಳಗೆ ರಾಮ್‌ಗಢವೆಂಬ ಇಡೀ ಹಳ್ಳಿಯನ್ನೇ ಎಬ್ಬಿಸಿದರು; 1973ರ ಅಕ್ಟೋಬರಿನಲ್ಲಿ ಚಿತ್ರೀಕರಣ ಶುರುವಾಯಿತು. ಈಗ ನೋಡಿದರೂ ನನ್ನ ಕಣ್ಣು ಮೊದಲು ಹೋಗುವುದು ಡಕಾಯಿತ ಗಬ್ಬರನ ಬಂಟ ಸಾಂಬಾನತ್ತ. ಮಾತು ಬೆರಳೆಣಿಕೆಯಷ್ಟೂ ಇಲ್ಲದ ಪಾತ್ರ. ಬಂಡೆಯ ನೆತ್ತಿಯಲ್ಲಿ ಬಂದೂಕು ಹಿಡಿದು ಕೂತಿದ್ದಾನೆ, ಅಷ್ಟೇ. ಆದರೆ ಆ ಒಂದು ಕೂರುವಿಕೆಯಿಂದ ಗಬ್ಬರನ ರಾಜ್ಯ ಎಷ್ಟು ಎತ್ತರ, ಎಷ್ಟು ಅಗಲ ಎಂಬುದು ತಿಳಿದುಹೋಗುತ್ತದೆ. ಅಮಿತಾಭ್, ಧರ್ಮೇಂದ್ರರಂಥ ತಾರೆಯರೂ ಆ ಬಂಡೆಗಳ ನಡುವೆ ಸಿಕ್ಕಿಬೀಳಬಲ್ಲ ಮನುಷ್ಯರಾಗುತ್ತಾರೆ.

ಅದೇ 1975ರಲ್ಲಿ ಕನ್ನಡದಲ್ಲಿ ‘ಮಯೂರ’ ಬಂತು. ಅಲ್ಲೂ ಕುದುರೆ, ಕತ್ತಿ, ಸೇಡು ಇವೆ. ಆದರೆ ಆ ಚಿತ್ರದ ರೋಮಾಂಚನವೆಲ್ಲ ರಾಜ್‌ಕುಮಾರ್ ಮುಖದಲ್ಲಿ, ಕಂಠದಲ್ಲಿ, ನಿಂತ ನಿಲುವಿನಲ್ಲಿ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ, ನಮ್ಮ ತುಮಕೂರು ಜಿಲ್ಲೆಯ ಗುಬ್ಬಿಗೆ ಹೋದರೆ ಸಾಕು. 1884ರಲ್ಲಿ ಹುಟ್ಟಿದ ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿಯನ್ನು ಗುಬ್ಬಿ ವೀರಣ್ಣ (1891–1972) ನಾಡಿನ ದೊಡ್ಡ ಕಂಪನಿಯಾಗಿ ಬೆಳೆಸಿದರು. 1934ರ ‘ಕುರುಕ್ಷೇತ್ರ’ ನಾಟಕಕ್ಕೆ ಆನೆ, ಕುದುರೆ, ರಥಗಳನ್ನೇ ತಂದು ನಿಲ್ಲಿಸಿದರು. ಇವತ್ತು ಗ್ರಾಫಿಕ್ಸ್ ಮಾಡುವ ಕೆಲಸವನ್ನು ಅಂದು ಜೀವಂತ ಪ್ರಾಣಿಗಳು ಮಾಡುತ್ತಿದ್ದವು. ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಎಲ್ಲರೂ ಆ ಗರಡಿಯಲ್ಲಿ ಪಳಗಿದವರು. ಕನ್ನಡದ ಅತಿಮಾನುಷ ನಾಯಕನ ತವರು ಹಾಲಿವುಡ್ಡಿಗಿಂತ ಹೆಚ್ಚಾಗಿ ಗುಬ್ಬಿ.

ಕಂಪನಿ ನಾಟಕದಲ್ಲಿ ನಟ ಜನರಿಗೆ ಮುಖ ಕೊಟ್ಟು ನಿಲ್ಲಬೇಕು, ಹಿಂದಿನದೇನಿದ್ದರೂ ಪರದೆ. ಕಾಡು, ಅರಮನೆ, ಬೆಟ್ಟ ಬೇಕೆಂದಾಗ ಇಳಿಯುತ್ತವೆ, ಸಾಕೆಂದಾಗ ಏರುತ್ತವೆ. ಆ ಶಿಕ್ಷಣ ನಮ್ಮ ಸಿನಿಮಾಕ್ಕೆ ಕೊಟ್ಟ ಸಂಪತ್ತು ಸಣ್ಣದಲ್ಲ. ಡೈಲಾಗಿಗೆ ಇಂಥ ಗತ್ತು, ಪುರಾಣದ ಪಾತ್ರಕ್ಕೆ ಇಂಥ ಘನತೆ ಎಲ್ಲರಿಗೂ ಸುಲಭಕ್ಕೆ ದಕ್ಕುವುದಲ್ಲ. ಜೊತೆಗೆ ಒಂದು ಅಭ್ಯಾಸವೂ ಅಂಟಿತು: ನಿಜವಾದ ಬೆಟ್ಟದ ಮುಂದೆ ನಿಂತರೂ ನಮ್ಮ ಕ್ಯಾಮೆರಾ ಅದನ್ನು ಪರದೆಯೆಂದೇ ತಿಳಿಯಿತು.

ಪರದೆ ಸಾಕಾದ ಕಡೆ ಈ ಪದ್ಧತಿ ಚೆನ್ನಾಗಿ ಗೆದ್ದಿದೆ. ದೊರೈ-ಭಗವಾನ್ ಜೋಡಿ 1968ರಲ್ಲಿ ‘ಜೇಡರ ಬಲೆ’ಯಿಂದ ಆರಂಭಿಸಿದ ಸಿಐಡಿ 999 ಸರಣಿ ಜೇಮ್ಸ್ ಬಾಂಡ್‌ನ ಬಹಿರಂಗ ಎರವಲು. ಬಾಂಡ್‌ಗೆ ಬೇಕಾದದ್ದು ಕೋಟು, ಕಾರು, ಕಣ್ಣಂಚಿನ ತುಂಟತನ. ಊರು ಯಾವುದಾದರೂ ನಡೆಯುತ್ತದೆ. ಹಾಗಾಗಿ ಅದು ರಾಜ್‌ಕುಮಾರ್‌ಗೆ ಹೊಲಿಸಿದಂತೆ ಕೂತಿತು. ಕೌಬಾಯ್ ಹಾಗಲ್ಲ, ಅವನಿಗೆ ಬಯಲು ಬೇಕು. ತೆಲುಗಿನಲ್ಲಿ ಕೆ.ಎಸ್.ಆರ್. ದಾಸ್ 1971ರಲ್ಲೇ ‘ಮೋಸಗಾಳ್ಳಕು ಮೋಸಗಾಡು’ ಮಾಡಿ ಕೃಷ್ಣ ಅವರನ್ನು ಟೋಪಿ ಹಾಕಿಸಿ ಬಯಲಿಗೆ ಇಳಿಸಿದರು. ಅದೇ ದಾಸ್ ಕನ್ನಡಕ್ಕೆ ಬಂದು ವಿಷ್ಣುವರ್ಧನ್, ರಜನಿಕಾಂತ್ ಜೊತೆ ‘ಸಹೋದರರ ಸವಾಲ್’ (1977) ಮಾಡಿದಾಗ ನಮಗೆ ಸಿಕ್ಕಿದ್ದು ಫೈಟು, ಬಯಲು ಬರಲಿಲ್ಲ.

ಈ ದಾರಿಯನ್ನು ಬಿಟ್ಟು ನಡೆದ ಚಿತ್ರವೊಂದಿದೆ: ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ (1978). ಟೋಪಿಯಿಲ್ಲ, ಪಿಸ್ತೂಲಿಲ್ಲ, ಆದರೂ ಕನ್ನಡದ ಅತ್ಯುತ್ತಮ ವೆಸ್ಟರ್ನ್ ಯಾವುದೆಂದರೆ ನನ್ನ ಮತ ಇದಕ್ಕೇ. ಕೂಲಿಗೆ ಕತ್ತಿ ಹಿಡಿಯುವ ಗಂಡುಗಲಿಯಾಗಿ ಶಂಕರ್ ನಾಗ್, ವಯಸ್ಸಾದ ಪೆರ್ಮಾಡಿಯಾಗಿ ಸುಂದರ್ ಕೃಷ್ಣ ಅರಸ್. ಕುರೊಸಾವಾನ ಪ್ರಭಾವವನ್ನು ಕಾರ್ನಾಡರು ಮುಚ್ಚಿಡಲಿಲ್ಲ. ಇಲ್ಲಿ ಕಾಳಗವೆಂದರೆ ದಣಿವು, ಉಸಿರು, ಜಾರುವ ಕಾಲು. ಶಂಕರ್ ನಾಗ್‌ಗೆ ಅದು ಮೊದಲ ಚಿತ್ರ. ಕಾಪಾಡಿಕೊಳ್ಳಬೇಕಾದ ತಾರಾಪಟ್ಟ ಇನ್ನೂ ಇರಲಿಲ್ಲ. ಆ ಚಿತ್ರ ಸಾಧ್ಯವಾದದ್ದರಲ್ಲಿ ಇದಕ್ಕೂ ಪಾಲಿದೆ ಎಂದು ನನ್ನ ಗುಮಾನಿ.

ಮುಖವೇ ಬಂಡವಾಳವಾದ ಉದ್ಯಮದಲ್ಲಿ ಮುಖವಾಡದ ಸೂಪರ್‌ಹೀರೊ ಬೇರೂರದಿರುವುದು ಸಹಜ. 2016ರ ‘ಜಾಗ್ವಾರ್’ ಮುಖವಾಡ ತೊಡಿಸಿ ನೋಡಿತು. ಆದರೆ ಹೊಸ ನಾಯಕನ ಮುಖ ತೋರಿಸುವ ಅವಸರವೇ ಅಲ್ಲಿ ಹೆಚ್ಚಾಗಿತ್ತು. ಸ್ಪೈಡರ್‌ಮ್ಯಾನ್ ನಿಲ್ಲುವುದು ಮುಖವಾಡದ ಹಿಂದಿನ ಹುಡುಗ ಬಾಡಿಗೆ ಕಟ್ಟಲಾಗದವನು ಎಂಬ ಸತ್ಯದ ಮೇಲೆ. ಪರಭಾಷಾ ಚಿತ್ರಗಳ ಕನ್ನಡ ಡಬ್ಬಿಂಗ್ ಮೇಲಿನ ದಶಕಗಳ ಅಘೋಷಿತ ತಡೆ 2015ರ ಸ್ಪರ್ಧಾ ಆಯೋಗದ ಆದೇಶದ ಬಳಿಕ ಸಡಿಲವಾಗಿ, 2023ರಲ್ಲಿ ‘ಸ್ಪೈಡರ್-ಮ್ಯಾನ್: ಅಕ್ರಾಸ್ ದಿ ಸ್ಪೈಡರ್-ವರ್ಸ್’ ಕನ್ನಡದಲ್ಲೂ ಮಾತಾಡಿತು. ತಡೆಯಿಂದ ನಮ್ಮ ಉದ್ಯಮ ಉಳಿಯಿತೋ ಇಲ್ಲವೋ, ಒಂದೆರಡು ತಲೆಮಾರಿನ ಮಕ್ಕಳು ತಮ್ಮ ಸೂಪರ್‌ಹೀರೊಗಳನ್ನು ಪರಭಾಷೆಯಲ್ಲೇ ಪಡೆದರು ಎಂಬುದಂತೂ ನಿಜ. ಮಲಯಾಳದ ‘ಮಿನ್ನಲ್ ಮುರಳಿ’ (2021) ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ಸಿಡಿಲು ಬಡಿದು ಶಕ್ತಿ ಪಡೆದವನು ಹಳ್ಳಿಯ ಒಬ್ಬ ದರ್ಜಿ. ಅದೇ ಸಿಡಿಲು ಬಡಿದ ಇನ್ನೊಬ್ಬನನ್ನು ಊರೇ ದೂರವಿಟ್ಟಿದೆ, ಅವನೇ ಖಳನಾಗುತ್ತಾನೆ. ನಮ್ಮಲ್ಲಿ ಆ ದರ್ಜಿಗೆ ಮೊದಲ ಹತ್ತು ನಿಮಿಷದಲ್ಲೇ ಇಪ್ಪತ್ತು ಜನರನ್ನು ಹೊಡೆದುರುಳಿಸುವ ಎಂಟ್ರಿ ಸಿಗುತ್ತಿತ್ತು.

‘ಕೆ.ಜಿ.ಎಫ್.’ (2018, 2022) ಈ ಪರಂಪರೆಯ ಶಿಖರ. ಅದರ ಮಿತಿಯೂ ಅಲ್ಲೇ ಇದೆ. ಕಾನೂನಿಲ್ಲದ ಗಣಿ, ಜೀತದ ಜನ, ಹೊರಗಿನಿಂದ ಬಂದ ಒಬ್ಬ: ಅಪ್ಪಟ ವೆಸ್ಟರ್ನ್ ಚೌಕಟ್ಟು. ಮೊದಲ ಭಾಗದಲ್ಲಿ ಅನಂತ್ ನಾಗ್ ದನಿಯಲ್ಲಿ ಕಥೆ ಬಿಚ್ಚಿಕೊಳ್ಳುವ ರೀತಿ, ದಂತಕಥೆ ಹೇಗೆ ಹುಟ್ಟುತ್ತದೆ ಎಂಬುದನ್ನೇ ಸಿನಿಮಾ ಮಾಡಿದ ಜಾಣತನ, ಇವಕ್ಕೆ ನಾನು ಎದ್ದು ಶಿಳ್ಳೆ ಹೊಡೆದಿದ್ದೇನೆ. ಆದರೆ ಕೋಲಾರದ ಚಿನ್ನದ ಗಣಿಗಳು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಂಥವು; 2001ರಲ್ಲಿ ಬಾಗಿಲು ಹಾಕಿದವು. ಆ ಆಳ, ಆ ಸೆಕೆ, ಆ ದೂಳು ಕುಡಿದ ಎದೆಗೂಡುಗಳು ಚಿತ್ರದಲ್ಲಿ ಎಷ್ಟಿವೆ? ಅಲ್ಲಿನ ಕೂಲಿಗಳಿಗಿರುವ ಮುಖ್ಯ ಕೆಲಸ ತಲೆಯೆತ್ತಿ ನಾಯಕ ರಾಕಿಯನ್ನು ನೋಡುವುದು. ಎರಡನೇ ಭಾಗದಲ್ಲಿ ‘ದೊಡ್ಡಮ್ಮ’ ಎಂಬ ಬಂದೂಕು ಕಾದು ಕೆಂಪಾದಾಗ ಅವನು ಅದರಲ್ಲೇ ಸಿಗರೇಟು ಹಚ್ಚುತ್ತಾನೆ. ನೋಡಲು ಸೊಗಸು. ಆ ಹೊತ್ತಿಗೆ ಗಣಿ ಮತ್ತೆ ಪರದೆಯಾಗಿದೆ.

ರಕ್ಷಿತ್ ಶೆಟ್ಟಿಯವರ ‘ಅವನೇ ಶ್ರೀಮನ್ನಾರಾಯಣ’ (2019) ಬೇರೆ ದಾರಿ ಹಿಡಿಯಿತು. ಅಮರಾವತಿ ಎಂಬ ಕಲ್ಪಿತ ಊರು, ಡಕಾಯಿತರು, ಕಳೆದುಹೋದ ನಿಧಿ, ಅದರ ಗುಟ್ಟಿನ ನಡುವೆ ಒಂದು ನಾಟಕದ ತಂಡ. ವೆಸ್ಟರ್ನ್ ಮತ್ತು ಕಂಪನಿ ನಾಟಕವನ್ನು ತಿಳಿದೇ ಗಂಟುಹಾಕಿದ ಈ ಯೋಚನೆಗೆ ಗುಬ್ಬಿ ಸೀಮೆಯವನಾಗಿ ನನ್ನ ಸಲಾಂ. ಆದರೂ ಅಮರಾವತಿಯಲ್ಲಿ ಹವೆಯಿಲ್ಲ. ಲಿಯೋನೆಯ ಊರುಗಳೂ ನಕ್ಷೆಯಲ್ಲಿಲ್ಲ ನಿಜ. ಅಲ್ಲಿ ನೊಣ, ಬೆವರು, ಬಾಯಾರಿಕೆ ಇವೆ. ಇಲ್ಲಿ ಯಾರಿಗೂ ಬಾಯಾರುವುದಿಲ್ಲ.

ನೆಲದ ಮುಂದೆ ನಾಯಕ ಮಣಿದದ್ದು ‘ಕಾಂತಾರ’ದಲ್ಲಿ (2022). ಅದರ ನಾಯಕ ಶಿವ ಸ್ವಂತಕ್ಕೆ ಪುಂಡ, ಕುಡುಕ, ಹೆದರುಪುಕ್ಕಲ ಕೂಡ. ಕೊನೆಗೆ ಬರುವ ಶಕ್ತಿ ಅವನದಲ್ಲ, ಕಾಡಿನ ದೈವದ್ದು, ಬಂದು ಹೋಗುವಂಥದ್ದು. ಅದಕ್ಕೇ ಆ ಕೊನೆಯ ಭಾಗದಲ್ಲಿ ಚಿತ್ರಮಂದಿರ ಶಿಳ್ಳೆ ಮರೆತು ಕೂತಿತು. ಕನ್ನಡಕ್ಕೊಬ್ಬ ಸೂಪರ್‌ಹೀರೊ ಸಿಕ್ಕಿದ್ದರೆ ಅವನೇ. ಅರ್ಧ ಚಿತ್ರ ಮಾಮೂಲಿ ಗಂಡಸುತನದ ಬಿಲ್ಡಪ್ಪಿಗೆ ಹೋಗಿದೆ ಎಂಬುದನ್ನೂ ಹೇಳಿಬಿಡಬೇಕು.

ವಿಚಿತ್ರವೆಂದರೆ, ಸಿನಿಮಾ ಕೊಡದ ಚಿಕ್ಕತನವನ್ನು ನನಗೆ ಧಾರಾಳವಾಗಿ ಕೊಟ್ಟದ್ದು ವಿಡಿಯೊ ಗೇಮ್. ‘ರೆಡ್ ಡೆಡ್ ರಿಡೆಂಪ್ಷನ್ 2’ (2018) ಆಟದಲ್ಲಿ 1899ರ ಅಮೆರಿಕವಿದೆ. ಕುದುರೆಗೆ ಮೇವು ಹಾಕಬೇಕು, ಮೈ ಉಜ್ಜಬೇಕು. ಸತ್ತರೆ ಸತ್ತೇ ಹೋಯಿತು. ನಾಯಕ ಆರ್ಥರ್ ಮಾರ್ಗನ್‌ಗೆ ಕ್ಷಯ ಹಿಡಿಯುತ್ತದೆ. ಗುಂಡು ಹಾರಿಸದೆ ಗಂಟೆಗಟ್ಟಲೆ ಬರೀ ಬೆಟ್ಟಗಳ ನಡುವೆ ಸವಾರಿ ಮಾಡಬಹುದು, ಅದೇ ಆಟದ ರುಚಿ. ರಾಕ್‌ಸ್ಟಾರ್ ಸಂಸ್ಥೆಯ ಹಲವು ದೇಶಗಳ ಸ್ಟುಡಿಯೊಗಳು ಕೂಡಿ ಮಾಡಿದ ಈ ಆಟದಲ್ಲಿ ಅದರ ಬೆಂಗಳೂರು ಸ್ಟುಡಿಯೊದ ಕೈಯೂ ಇತ್ತು. 1997ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಧ್ರುವ ಇಂಟರಾಕ್ಟಿವ್ ಅನ್ನು 2019ರಲ್ಲಿ ಅದೇ ಸಂಸ್ಥೆ ಕೊಂಡುಕೊಂಡಿತು. ಪರರ ಬೆಟ್ಟ ಕಟ್ಟುವ ಕಸುಬು ನಮ್ಮ ಹುಡುಗ ಹುಡುಗಿಯರಿಗೆ ಚೆನ್ನಾಗಿ ಗೊತ್ತಿದೆ.

ನನ್ನ ತಕರಾರಿಗೊಂದು ಎದುರುವಾದ ಉಂಟು. ಬೆಟ್ಟವನ್ನು ದೃಶ್ಯವಾಗಿ ನೋಡುವುದು ಹೊರಗಿನವರ ಕಣ್ಣು ಎಂಬುದು. 1791ರ ಡಿಸೆಂಬರ್ 21ರಂದು ಸಾವನದುರ್ಗ, 24ರಂದು ಹುತ್ರಿದುರ್ಗ ಟಿಪ್ಪುವಿನ ಕೈತಪ್ಪಿ ಇಂಗ್ಲಿಷರ ವಶವಾದವು. ಕಾರ್ನ್‌ವಾಲಿಸ್ ಸೈನ್ಯದ ಜೊತೆಗಿದ್ದ ಚಿತ್ರಕಾರ ರಾಬರ್ಟ್ ಹೋಮ್ ಮೈಸೂರು ಸೀಮೆಯ ದುರ್ಗಗಳನ್ನು ಬರೆದು 1794ರಲ್ಲಿ ಪುಸ್ತಕ ಮಾಡಿದ. ಗೆದ್ದವನಿಗೆ ಬೆಟ್ಟ ಚಿತ್ರ. ಇಲ್ಲೇ ಹುಟ್ಟಿದವರಿಗೆ ಅದು ದೇವರ ಜಾಗ, ದನ ಮೇಯುವ ಜಾಗ. ಬೆರಗಾಗಿ ನೋಡುತ್ತ ನಿಲ್ಲಲು ಪುರುಸೊತ್ತೆಲ್ಲಿ? ಈ ಮಾತಲ್ಲಿ ಹುರುಳಿದೆ. ಹಾಗಿದ್ದರೆ ಆ ನಂಟನ್ನಾದರೂ ತೋರಿಸಬೇಕಲ್ಲ. ತುಮಕೂರು ಸೀಮೆಯ ವೀರಗಲ್ಲುಗಳಲ್ಲಿ ದನ ಕಾಯಲು ಹೋಗಿ ಸತ್ತವರಿದ್ದಾರೆ. ಕಾಡುಗೊಲ್ಲರು ಗಣೆ ಊದಿ ಹಾಡುವ ಜುಂಜಪ್ಪ ದನಗಾಹಿ ವೀರ. ದನ, ಕಳ್ಳರು, ಕಾದಾಟ, ಸಾವು: ವೆಸ್ಟರ್ನ್‌ಗೆ ಇನ್ನೇನು ಬೇಕು? ವೀರಗಲ್ಲಿನ ವೀರ ಕಲ್ಲಾಗುವುದು ಸತ್ತ ಮೇಲೆ. ನಮ್ಮ ತೆರೆಯ ನಾಯಕನಿಗೆ ಸಾಯದೆಯೇ, ಬೆವರದೆಯೇ ಆ ಪಟ್ಟ ಬೇಕು.

ದುಡ್ಡಿಲ್ಲ ಎಂಬ ನೆಪವೂ ಇಲ್ಲಿ ನಿಲ್ಲುವುದಿಲ್ಲ. ಬಂಡೆಗೆ ಸೆಟ್ ಹಾಕಬೇಕಿಲ್ಲ. ಟಿಪ್ಪು ಕಾಲದಿಂದ ಕುದುರೆಗೆ ಹೆಸರಾದ ಕುಣಿಗಲ್ ಸ್ಟಡ್ ಫಾರಂ ಬೆಟ್ಟದಿಂದ ಬಹಳ ದೂರವಿಲ್ಲ. ಇಲ್ಲದಿರುವುದು ಒಂದೇ, ಏದುಸಿರು ಬಿಡಲು ಒಪ್ಪುವ ಸ್ಟಾರ್. ಹುತ್ರಿದುರ್ಗದ ಕಲ್ಲುಮೆಟ್ಟಿಲನ್ನು ಅವನಿಂದ ಕಟ್ ಇಲ್ಲದೆ ಹತ್ತಿಸಿ, ನಡುವೆ ಒಂದು ಕಡೆ ಕೂರಿಸಿ, ನೀರು ಕೇಳಿಸಿ. ಆಮೇಲೆ ಅವನು ಎಷ್ಟು ಜನರನ್ನು ಹೊಡೆದರೂ ನಾನು ನಂಬುತ್ತೇನೆ, ಮೊದಲ ದಿನದ ಮೊದಲ ಆಟಕ್ಕೇ ಬಂದು ಶಿಳ್ಳೆಯನ್ನೂ ಹೊಡೆಯುತ್ತೇನೆ.